ಮಿಡಿ ಉಪ್ಪಿನಕಾಯಿ ಯೊಸೆಮಿಟಿಗೆ ಹೋದದ್ದು

ಸ್ಯಾನ್ ಹೋಸೆ
ಜೂನ್ 10

ಪ್ರೀತಿಯ ಅಮ್ಮ, ಅಪ್ಪಯ್ಯ,

ಇಬ್ಬರಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ. ಗೆಳೆಯರ ಜೊತೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಇರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂದ ಮೇಲೆ ಮೈಯೂ ಮನಸ್ಸೂ ಹಗುರಾಗಿವೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಅಪ್ಪಯ್ಯ ಎರಡು ಮಾತಾಡಿ ಫೋನನ್ನು ನಿನ್ನ ಕೈಗೆ ಕೊಟ್ಟುಬಿಡುತ್ತಾರಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಜಗಲಿಯಲ್ಲಿ ಕೂತು ನಿಧಾನವಾಗಿ ಓದಲಿ.

ನಾವು ಐದು ಜನ. ಮೈಸೂರಿನ ಗಂಡ ಹೆಂಡತಿ, ಬೆಳಗಾವಿಯ ಗೆಳೆಯ, ಆಫೀಸಿನ ಮೆಕ್ಸಿಕೋದ ಗೆಳತಿ, ನಾನು. ಇಲ್ಲಿಂದ ಕಾರಿನಲ್ಲಿ ಸುಮಾರು 4 ಗಂಟೆ ದಾರಿ. ಕಣಿವೆಯ ನಡುವೆ ಮರ್ಸೆಡ್ ಹೊಳೆ, ಎರಡೂ ಕಡೆ ಆಕಾಶಕ್ಕೆ ತಾಗುವಂಥ ಬಂಡೆಗಳು. ಪೈನ್ ಮರಗಳ ಕೆಳಗೆ ಟೆಂಟ್ ಹಾಕಿ ಮೂರು ರಾತ್ರಿ ಇದ್ದೆವು.

ಅಮ್ಮ, ಮೊದಲು ನೀನು ಕಳಿಸಿದ ಮಿಡಿ ಉಪ್ಪಿನಕಾಯಿಯ ಕಥೆ ಕೇಳು. ಅಲ್ಲಿ ಕರಡಿಗಳಿವೆ. ತಿಂಡಿಯ ವಾಸನೆ ಸಿಕ್ಕರೆ ಕಾರಿನ ಬಾಗಿಲನ್ನೇ ಕಿತ್ತುಹಾಕುತ್ತವಂತೆ. ಅದಕ್ಕೇ ಟೆಂಟ್ ಹಾಕುವ ಪ್ರತಿ ಜಾಗದಲ್ಲೂ ಒಂದು ಗಟ್ಟಿ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದಾರೆ. ತಿನ್ನುವ ಸಾಮಾನು ಮಾತ್ರ ಅಲ್ಲ, ಸೋಪು, ಟೂತ್‌ಪೇಸ್ಟ್ ಕೂಡ ಅದರೊಳಗೇ ಇಡಬೇಕು. ನಿನ್ನ ಬಾಟ್ಲಿಯನ್ನು ಎರಡು ಚೀಲದಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿಟ್ಟು ಚಿಲಕ ಹಾಕಿದೆ. ರಾತ್ರಿ ಎದ್ದು ಒಮ್ಮೆ ಟಾರ್ಚ್ ಬಿಟ್ಟು ನೋಡಿಯೂ ಬಂದೆ! ಕರಡಿ ಬರಲಿಲ್ಲ. ಬಾಟ್ಲಿ ಖಾಲಿ ಮಾಡಿದ್ದು ನಾವೇ. ಬೆಳಗಾವಿಯವನು ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದ. ಕಾಡಿನಲ್ಲಿ ಇರುವವರಿಗೆ ಅದಕ್ಕಿಂತ ಒಳ್ಳೆ ಊಟ ಬೇರೆ ಇಲ್ಲ. ಕೆಡುವುದಿಲ್ಲ, ಬಿಸಿ ಮಾಡುವ ಗೋಜಿಲ್ಲ. ಮೆಕ್ಸಿಕೋದವಳು ಒಂದು ಮಿಡಿ ಕಚ್ಚಿ ಕಣ್ಣು ಮುಚ್ಚಿ ಕೂತಳು. ಅವರ ಊರಲ್ಲೂ ಮಾವಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಾರಂತೆ. ಆಮೇಲೆ ಬಾಟ್ಲಿ ಅವಳ ಪಕ್ಕದಿಂದ ಕದಲಲೇ ಇಲ್ಲ.

ಅಪ್ಪಯ್ಯ, ಇದು ನಿಮಗೆ. ಯೊಸೆಮಿಟಿ ಜಲಪಾತದ ಎತ್ತರ 739 ಮೀಟರ್. ನಮ್ಮ ಜೋಗ 253. ಆದರೆ ಯೊಸೆಮಿಟಿಯದು ಮೂರು ಹಂತವಾಗಿ ಇಳಿಯುತ್ತದೆ, ನಮ್ಮ ರಾಜನ ಹಾಗೆ ಒಂದೇ ಸಲಕ್ಕೆ ಧುಮುಕುವುದಿಲ್ಲ. ನೀವು ಇದನ್ನೇ ಹೇಳುತ್ತೀರಿ ಅಂತ ಗೊತ್ತಿತ್ತು, ಅಲ್ಲಿ ನಾನೇ ಎಲ್ಲರಿಗೂ ಹೇಳಿದೆ. ಇನ್ನೊಂದು ವಿಷಯ. ಅಲ್ಲಿ ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮ ಕರಗಿ ಬರುವ ನೀರು ಅದು. ಆಗಸ್ಟ್‌ನಲ್ಲಿ ನಮ್ಮ ಜೋಗ ಭೋರ್ಗರೆಯುವಾಗ ಅದು ಹೆಚ್ಚುಕಮ್ಮಿ ಒಣಗಿರುತ್ತದೆ.

ಎರಡನೇ ದಿನ ಎಲ್ಲೂ ಹೋಗಲಿಲ್ಲ. ಹೊಳೆಗೆ ಕಾಲು ಇಳಿಬಿಟ್ಟು ಕೂತೆವು. ಹಿಮದ ನೀರು, ಕಾಲು ಜೋಮು ಹಿಡಿಯುತ್ತದೆ. ಯಾರು ಜಾಸ್ತಿ ಹೊತ್ತು ಇಡುತ್ತಾರೆ ಅಂತ ಪಂದ್ಯ ಕಟ್ಟಿದೆವು. ಮೈಸೂರಿನವಳು ನೂರು ಎಣಿಸುವವರೆಗೂ ಇಟ್ಟು ಗೆದ್ದಳು. ಬೆಳಗಾವಿಯವನು ಮರದ ಕೆಳಗೆ ಮಧ್ಯಾಹ್ನದವರೆಗೆ ನಿದ್ದೆ ಹೊಡೆದ. ಮಳೆಗಾಲದಲ್ಲಿ ಕರೆಂಟು ಹೋದಾಗ ನಾವೆಲ್ಲ ಜಗಲಿಯಲ್ಲಿ ಸುಮ್ನೆ ಕೂತು ಸೂರಿನ ನೀರು ನೋಡುತ್ತಿದ್ದೆವಲ್ಲ, ಅದೇ ಸುಖ. ಈ ಊರಿಗೆ ಬಂದ ಮೇಲೆ ಹಾಗೆ ಕೂತದ್ದು ಇದೇ ಮೊದಲು.

ಕೊನೆಯ ರಾತ್ರಿ ಎಲ್ ಕ್ಯಾಪಿಟನ್ ಬಂಡೆಯ ಎದುರಿನ ಹುಲ್ಲುಗಾವಲಿಗೆ ಹೋದೆವು. ಸುಮಾರು 900 ಮೀಟರ್ ನೆಟ್ಟಗೆ ನಿಂತ ಕಲ್ಲು. ಅದರ ಮೇಲೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ. ನಕ್ಷತ್ರ ಅಂದುಕೊಂಡೆ. ನೋಡಿದರೆ ಬಂಡೆ ಹತ್ತುವವರ ತಲೆಗೆ ಕಟ್ಟಿದ ದೀಪಗಳು! ಹಗ್ಗದಲ್ಲಿ ಮಂಚದಂಥದ್ದು ತೂಗುಹಾಕಿಕೊಂಡು ಅಲ್ಲೇ ಮಲಗುತ್ತಾರೆ. ಹೆದರಬೇಡ ಅಮ್ಮ, ನಾನು ಕೆಳಗೆ ಹುಲ್ಲಿನ ಮೇಲೇ ಇದ್ದೆ. ಏಳು ದೀಪ ಎಣಿಸಿದೆವು. ಅವು ಒಂದೊಂದಾಗಿ ಆರುವವರೆಗೂ ಯಾರೂ ಮಾತಾಡಲಿಲ್ಲ.

ಮುಂದಿನ ವರ್ಷ ನೀವಿಬ್ಬರೂ ಬರಲೇಬೇಕು. ಜೂನ್ ಅಂದರೆ ತೋಟಕ್ಕೆ ಔಷಧಿ ಹೊಡೆಯಬೇಕು ಅಂತ ಅಪ್ಪಯ್ಯ ಹೇಳುತ್ತಾರೆ. ಹಾಗಾದರೆ ಮೇ ತಿಂಗಳಲ್ಲೇ ಬನ್ನಿ, ಆಗಲೂ ಜಲಪಾತ ತುಂಬಿರುತ್ತದೆ. ಮಿಡಿ ಮಾತ್ರ ಎರಡು ಬಾಟ್ಲಿ ತನ್ನಿ, ಒಂದು ಮೆಕ್ಸಿಕೋದವಳಿಗೆ.

ಇತಿ ನಿಮ್ಮ,
ಪುಟ್ಟಿ