ಕೌಂಟರಿನ ಈಚೆ ಬದಿ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮೆಷಿನ್, ಎರಡು ಕುರ್ಚಿ. ಅರ್ಜಿ ಬರೆದು ಕೊಡುತ್ತೇನೆ. ಮಲಯಾಳದಲ್ಲಿ ಬಂದ ಕಾಗದ ಓದಿ ಕನ್ನಡದಲ್ಲಿ ಹೇಳುತ್ತೇನೆ. ರೆಸ್ಯೂಮ್ ಟೈಪ್ ಮಾಡುತ್ತೇನೆ. ಈ ರೆಸ್ಯೂಮ್ ಮಾಡಿಸಲು ಬರುವವರು ಈಗೀಗ ಜಾಸ್ತಿ ಆಗಿದ್ದಾರೆ. ಹೊಸದಾಗಿ ಕೆಲಸ ಹುಡುಕುವವರಿಗಿಂತ ಇರುವ ಕೆಲಸ ಬಿಡಬೇಕು ಎನ್ನುವವರೇ ಹೆಚ್ಚು. ಪ್ರಿಂಟ್ ತೆಗೆಯುವಷ್ಟು ಹೊತ್ತು ಸುಮ್ನೆ ಕುಳಿತಿರುತ್ತಾರೆ. ಆಮೇಲೆ ನನ್ನಲ್ಲೇ ಕೇಳುತ್ತಾರೆ, "ಅಕ್ಕಾ, ನೀವೂ ಕೆಲಸ ಬಿಟ್ಟವರಲ್ವಾ, ನಾನು ಬಿಡಬಹುದಾ?"

ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ನಿಮಗೆ ಬರೆಯುತ್ತಿದ್ದೇನೆ. ನನ್ನಂಥವರ ಮಾತು ಪತ್ರಿಕೆಯಲ್ಲಿ ಬರುವುದು ಕಡಿಮೆ. ಬೆಂಗಳೂರಿನ ದೊಡ್ಡ ಕೆಲಸ ಬಿಟ್ಟು ಊರಿಗೆ ಬಂದು ಕೃಷಿ ಮಾಡಿ ಗೆದ್ದವರ ಕಥೆ ಬರುತ್ತದೆ. ತಿಂಗಳಿಗೆ 16,500 ರೂಪಾಯಿ ಕೈಗೆ ಸಿಗುವ ಕೆಲಸವನ್ನು 41ನೇ ವಯಸ್ಸಿನಲ್ಲಿ ಬಿಟ್ಟವಳ ಕಥೆ ಬರುವುದಿಲ್ಲ.

ನಾನು ಬಿ.ಕಾಂ. ಮಾಡಿದವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಕೆಲವು ವರ್ಷ ಸರ್ಕಾರಿ ಕೆಲಸಕ್ಕಾಗಿ ಕೇರಳದ ಪಿಎಸ್‌ಸಿ ಪರೀಕ್ಷೆ ಬರೆದೆ. ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದದ್ದೂ ಇದೆ, ನನ್ನ ನಂಬರಿಗೆ ಬರುವ ಮೊದಲೇ ಲಿಸ್ಟಿನ ಅವಧಿ ಮುಗಿಯಿತು. 2006ರಲ್ಲಿ ಕಾಸರಗೋಡು ಪೇಟೆಯ ಒಂದು ಚಿನ್ನದ ಸಾಲದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಂಪನಿಯ ಹೆಸರು ಬೇಡ. ಅಲ್ಲಿ 13 ವರ್ಷ ಇದ್ದೆ.

ಮೊದಲ ಏಳೆಂಟು ವರ್ಷ ನನಗೆ ಆ ಕೆಲಸ ತುಂಬಾ ಇಷ್ಟವಿತ್ತು. ಇದನ್ನು ಮುಚ್ಚಿಡಬಾರದು. ಒರೆಗಲ್ಲಿಗೆ ಉಜ್ಜಿ ಆ ಗೆರೆಯ ಬಣ್ಣ ನೋಡಿ ಚಿನ್ನ ಎಷ್ಟು ಶುದ್ಧ ಎಂದು ಹೇಳಲು ಕಲಿತೆ. ಕರಿಮಣಿ ಸರದಲ್ಲಿ ಮಣಿಯ ತೂಕ ಎಷ್ಟು ಕಳೆಯಬೇಕು, ಕಲ್ಲಿನ ಬೆಂಡೋಲೆಯಲ್ಲಿ ಕಲ್ಲಿಗೆ ಎಷ್ಟು, ಅರಗಿಗೆ ಎಷ್ಟು, ಎಲ್ಲ ಕೈಗೆ ಬಂತು. ಎರಡು ಪವನಿನ ಸರ ಎಂದರೆ 16 ಗ್ರಾಂ, ಆದರೆ ತಕ್ಕಡಿ ಬೇರೆಯೇ ಹೇಳುತ್ತದೆ. ಯಾವುದು ಸವೆದು ಹೋದದ್ದು, ಯಾವುದು ಅಕ್ಕಸಾಲಿಗ ಕಡಿಮೆ ಹಾಕಿದ್ದು ಎಂದು ಕೊಂಡಿ ನೋಡಿದರೆ ಗೊತ್ತಾಗುತ್ತಿತ್ತು. ಜೂನ್ ತಿಂಗಳಲ್ಲಿ ಮಕ್ಕಳ ಶಾಲೆ ಫೀಸಿಗೆಂದು ಅಡವಿಟ್ಟ ಬಳೆಯನ್ನು ಅಡಿಕೆ ಮಾರಿ ಬಿಡಿಸಿಕೊಂಡು ಹೋಗುವಾಗ ಆ ಹೆಂಗಸರ ಮುಖ ನೋಡಬೇಕು. ಕೌಂಟರಿನಲ್ಲೇ ಕೈಗೆ ಹಾಕಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಒಂದು ದಿನವೂ ಬೇಜಾರು ಎನಿಸಿದ್ದಿಲ್ಲ.

ಆಮೇಲೆ ಕೆಲಸ ಬದಲಾಯಿತು. ನನ್ನ ಕುರ್ಚಿ ಅದೇ, ಸಂಬಳ ಸ್ವಲ್ಪ ಜಾಸ್ತಿ, ಕೆಲಸ ಬೇರೆ. ವಸೂಲಿ ನನ್ನ ಮೇಲೆ ಬಂತು. ನನಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ ಎಂಬುದೇ ಕಾರಣ. ಬಡ್ಡಿ ಕಟ್ಟದವರಿಗೆ ಫೋನ್ ಮಾಡಬೇಕು. ಆಮೇಲೆ ಏಲಂ ನೋಟೀಸು ಕಳಿಸಬೇಕು. ನಮ್ಮ ಬ್ರಾಂಚಿನಿಂದ ನೋಟೀಸು ಹೋಗುತ್ತಿದ್ದದ್ದು ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ಎಣ್ಮಕಜೆಯ, ಕುಂಬ್ಡಾಜೆಯ, ಬೆಳ್ಳೂರಿನ ಎಷ್ಟೋ ಮನೆಗಳಲ್ಲಿ ಅದನ್ನು ಓದುವವರು ಇರಲಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಲಕೋಟೆ ಅಂಟಿಸಿದ್ದೇನೆ.

2018ರ ಮಳೆಗಾಲದಲ್ಲಿ ಒಬ್ಬರು ಹೆಂಡತಿಯ ಬೆಂಡೋಲೆ ತಂದು ಅಡವಿಟ್ಟರು. ಮೈಲುತುತ್ತಿಗೆ ಎಂದರು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದು ಅದು, ತೋಟ ಇದ್ದವರಿಗೆ ವಿವರಿಸುವುದು ಬೇಡ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು 40-45 ದಿನ ಕಳೆದು ಇನ್ನೊಂದು ಸಲ. ಆ ವರ್ಷ ಎರಡನೇ ಸಲ ಮದ್ದು ಬಿಡಲು ಮಳೆ ಅವರಿಗೆ ಬಿಡುವು ಕೊಡಲಿಲ್ಲ. ಕೊಳೆರೋಗಕ್ಕೆ ಅಡಿಕೆ ಉದುರಿಹೋಯಿತು. ಬಡ್ಡಿ ಕಟ್ಟಲಿಲ್ಲ. ಜನವರಿಯಲ್ಲಿ ಅವರ ಹೆಸರು ನನ್ನ ಫೋನ್ ಲಿಸ್ಟಿಗೆ ಬಂತು.

ಅದೇ ಜನವರಿಯಲ್ಲಿ ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ನೋಡಲು ಹೋಗಿದ್ದೆ. ಜನರ ನಡುವೆ ಆ ಬೆಂಡೋಲೆ ಅಡವಿಟ್ಟವರ ಹೆಂಡತಿ ಕಂಡರು. ಕಿವಿಯಲ್ಲಿ ರೋಲ್ಡ್‌ಗೋಲ್ಡ್ ಓಲೆ. ಅವರ ನಿಜವಾದ ಓಲೆ ನಮ್ಮ ಲಾಕರಿನಲ್ಲಿದೆ, 7 ಗ್ರಾಂ 200 ಮಿಲಿಗ್ರಾಂ ಎಂದು ನನಗೆ ತಟ್ಟನೆ ನೆನಪಾಯಿತು. ಅವರ ಹೆಸರಿಗಿಂತ ಮೊದಲು ತೂಕ ನೆನಪಾದದ್ದು. ಅವರು ಮಾತಾಡಿಸಲು ಬರುತ್ತಿದ್ದರು. ನಾನು ಬೇಕೆಂದೇ ಮಿಠಾಯಿ ಅಂಗಡಿಯ ಹಿಂದೆ ಹೋಗಿ ನಿಂತೆ. ಆಮೇಲೆ ಯೋಚಿಸಿದರೆ, ಎರಡು ವರ್ಷದಿಂದಲೂ ನಾನು ಇದನ್ನೇ ಮಾಡುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯದೆ ಮೊದಲ ಪಂಕ್ತಿಯಲ್ಲೇ ಉಂಡು ಹೊರಡುತ್ತಿದ್ದೆ.

ಕೆಲಸ ಬಿಡಬೇಕಾ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ಬೇಜಾರಾಗುತ್ತದಾ ಎಂದಲ್ಲ. ಬೇಜಾರು ಎಲ್ಲ ಕೆಲಸದಲ್ಲೂ ಇದೆ. ನನ್ನ ಅಮ್ಮ 30 ವರ್ಷ ಬೀಡಿ ಕಟ್ಟಿದರು. ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ದಿನಕ್ಕೆ ಸಾವಿರ ಬೀಡಿ ಆಗದೆ ಏಳುತ್ತಿರಲಿಲ್ಲ. ಬೀಡಿ ಕಟ್ಟುವುದು ನಿಮಗೆ ಇಷ್ಟವಾ ಎಂದು ಒಮ್ಮೆ ಕೇಳಿದ್ದೆ. ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸಂಜೆ ನಾಲ್ಕು ಮನೆಯವರು ಒಟ್ಟಿಗೆ ಕೂತು ಕಟ್ಟುವುದು ಒಳ್ಳೆಯದಿತ್ತು" ಎಂದರು. ಬೆನ್ನು ನೋವು, ಹೊಗೆಸೊಪ್ಪಿನ ಕೆಮ್ಮು, ಬೀಡಿ ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ಆರಿಸಿ ಬಿಸಾಡುವುದು, ಅದೆಲ್ಲ ಇದ್ದೇ ಇತ್ತು. ಆದರೆ ಅಮ್ಮ ಯಾರಿಗೂ ಮುಖ ತಪ್ಪಿಸಿ ನಡೆಯಲಿಲ್ಲ. ನನ್ನ ಕುರ್ಚಿಗೆ ಫ್ಯಾನ್ ಇತ್ತು, ಆದರೂ ನಾನು ತಪ್ಪಿಸುತ್ತಿದ್ದೆ. ನಿಮ್ಮ ಕೆಲಸದಿಂದಾಗಿ ನಿಮ್ಮೂರಿನವರಿಗೇ ಮುಖ ತಪ್ಪಿಸುವ ಹಾಗಾದರೆ ಅದು ಸುಸ್ತಲ್ಲ. ಸುಸ್ತಾದರೆ ರಜೆ ಸಾಕು. ನಾನು ಹದಿನೈದು ದಿನ ರಜೆ ಹಾಕಿ ನೋಡಿದ್ದೇನೆ. ಹದಿನಾರನೇ ದಿನ ಬೆಳಿಗ್ಗೆ ಚೆರ್ಕಳದ ಹತ್ತಿರ ಬಸ್ಸು ಬರುವಾಗಲೇ ಹೊಟ್ಟೆ ತೊಳಸಿತು.

ಹಾಗೆಂದು ಮರುದಿನವೇ ಬಿಡಲಿಲ್ಲ. ಇದನ್ನು ಕೆಲಸ ಬಿಡಲು ಹೊರಟ ಮಕ್ಕಳು ಗಮನಿಸಬೇಕು. ಮೊದಲೇ ಭಾನುವಾರಗಳಲ್ಲಿ ಕನ್ನಡ, ಮಲಯಾಳ ಎರಡರ ಟೈಪಿಂಗ್ ಕಲಿಯುತ್ತಿದ್ದೆ. ಐದು ತಿಂಗಳ ಮನೆ ಖರ್ಚು ಬೇರೆ ಇಟ್ಟೆ. 2019ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟೆ. ಗ್ರಾಚ್ಯುಟಿ ಎಂಬುದೊಂದು ಇದೆ ಎಂದು ನನ್ನ ಜೊತೆಯಲ್ಲಿ ಬಿಟ್ಟವರಿಗೇ ಗೊತ್ತಿರಲಿಲ್ಲ. ಆಗ ಅದಕ್ಕೆ 1972ರ ಕಾನೂನು ಇತ್ತು. ಒಂದೇ ಕಡೆ ಐದು ವರ್ಷ ದುಡಿದರೆ, ಪ್ರತಿ ವರ್ಷಕ್ಕೆ 15 ದಿನದ ಸಂಬಳ. ತಿಂಗಳನ್ನು 26 ದಿನ ಎಂದು ಲೆಕ್ಕ ಹಿಡಿಯಬೇಕು. ನನ್ನ ಮೂಲ ಸಂಬಳ 11,000. 13 ವರ್ಷಕ್ಕೆ 82,500 ರೂಪಾಯಿ. ನಾನೇ ಲೆಕ್ಕ ಬರೆದು ಅರ್ಜಿ ಕೊಟ್ಟ ಮೇಲೆ ಬಂತು, ಕೇಳದೆ ಬರಲಿಲ್ಲ. ಹೋದ ವರ್ಷ ಒಬ್ಬ ಹುಡುಗ ನಾಲ್ಕು ವರ್ಷ ಏಳು ತಿಂಗಳಿಗೆ ಕೆಲಸ ಬಿಡಲು ಹೊರಟಿದ್ದ. ಐದು ತಿಂಗಳು ತಡಿ ಎಂದು ಕೈ ಹಿಡಿದು ಹೇಳಿದೆ. ತಡೆದ. ಪಿಎಫ್ ಕೂಡ ಹಾಗೆಯೇ. ಕೆಲಸ ಬಿಟ್ಟ ಎರಡು ತಿಂಗಳಿಗೆ ಎಲ್ಲ ತೆಗೆದು ಬೈಕ್ ತೆಗೆದುಕೊಂಡವರನ್ನು ನೋಡಿದ್ದೇನೆ. ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯಲ್ಲಿ ಒಟ್ಟು ಹತ್ತು ವರ್ಷದ ಸೇವೆ ಆದರೆ 58ನೇ ವಯಸ್ಸಿಗೆ ತಿಂಗಳ ಪಿಂಚಣಿ ಇದೆ. ಹೊಸ ಕೆಲಸಕ್ಕೆ ಹೋದರೆ ಪಿಎಫ್‌ನ ಅದೇ ಯುಎಎನ್ ನಂಬರಿನಲ್ಲಿ ಮುಂದುವರಿಸಬಹುದು.

ಅಂಗಡಿ ಹಾಕಿ ಹತ್ತು ತಿಂಗಳಾಗಿತ್ತು. 2020ರ ಮಾರ್ಚಿನಲ್ಲಿ ಕೊರೊನಾ ಬಂತು. ಕರ್ನಾಟಕದ ಗಡಿ ತಲಪಾಡಿಯ ಆಚೆ ಹೋಗಲು ಇಲ್ಲ, ಒಳದಾರಿಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಜಿಲ್ಲೆಯವರು ಪ್ರಾಣ ಬಿಟ್ಟ ದಿನಗಳು ಅವು. ನನ್ನ ಅಂಗಡಿಯ ಬಾಗಿಲು ಮುಚ್ಚಿತ್ತು, ಖಾಸಗಿ ಬಸ್ಸಿನ ಡ್ರೈವರ್ ಆದ ನನ್ನ ಗಂಡನೂ ಮನೆಯಲ್ಲಿದ್ದರು. ಗ್ರಾಚ್ಯುಟಿ ಹಣ ಅಕ್ಕಿ, ಬಾಡಿಗೆಗೆ ಹೋಯಿತು. ಆ ಹಣ ಇಲ್ಲದಿದ್ದರೆ ನಾನು ಪುನಃ ಅದೇ ಕಂಪನಿಯ ಬಾಗಿಲಿಗೆ ಹೋಗಬೇಕಿತ್ತು. ಹಾಗಾಗಿ ಹಣದ ಮಾತನ್ನು ಇಷ್ಟು ಉದ್ದ ಬರೆದೆ.

ಗಂಡನ ವಿಷಯ ಬಂತಲ್ಲ. ಅವರು 22 ವರ್ಷದಿಂದ ಹೆಚ್ಚುಕಡಿಮೆ ಒಂದೇ ರೂಟಿನಲ್ಲಿ ಓಡಿಸುತ್ತಿದ್ದಾರೆ. ಟೈಮಿಂಗಿನ ಜಗಳ, ಸೊಂಟ ನೋವು, ಮಳೆಗಾಲದ ಹೊಂಡ. ಆದರೂ ಬೆಳಿಗ್ಗೆ ಶಿಳ್ಳೆ ಹಾಕುತ್ತಾ ಹೊರಡುತ್ತಾರೆ. ಬಿಡುವ ಯೋಚನೆಯೇ ಇಲ್ಲ. ಎಲ್ಲರೂ ಬದಲಾಯಿಸಲೇಬೇಕು ಎಂದು ನಾನು ಹೇಳುವುದಿಲ್ಲ.

ನನ್ನ ಅಂಗಡಿಗೆ ಬರುವವರಲ್ಲಿ ಒಂದು ವಿಷಯ ಕಂಡಿದ್ದೇನೆ. ರೆಸ್ಯೂಮಿಗೆ ಬರೆಯಲು "ಅಲ್ಲಿ ಏನು ಕೆಲಸ ಮಾಡುತ್ತಿದ್ದಿರಿ" ಎಂದು ಕೇಳಬೇಕಾಗುತ್ತದೆ. ಕೆಲವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಕೆಲವರು ನಿಲ್ಲಿಸುವುದೇ ಇಲ್ಲ. ಉಪ್ಪಳದ ಕಡೆಯವರೊಬ್ಬರು ಗಲ್ಫಿನ ಹೋಟೆಲಿನ ಅಡುಗೆ ಸಾಕು, ಇನ್ನು ಸೆಕ್ಯುರಿಟಿ ಕೆಲಸವಾದರೂ ಸಾಕು ಎಂದು ಬಂದಿದ್ದರು. ಏನು ಅಡುಗೆ ಎಂದು ಕೇಳಿದೆ. ಇನ್ನೂರು ಜನಕ್ಕೆ ನೈಚೋರು (ತುಪ್ಪದ ಅನ್ನ) ಮಾಡುವಾಗ ಅಕ್ಕಿ ಎಷ್ಟು ಹೊತ್ತು ಹುರಿಯಬೇಕು, ನೀರು ಯಾವಾಗ ಹಾಕಬೇಕು, ದಮ್ಮಿಗೆ ಕೆಂಡ ಮೇಲೆ ಎಷ್ಟು ಕೆಳಗೆ ಎಷ್ಟು ಎಂದು ಅರ್ಧ ಗಂಟೆ ಹೇಳಿದರು. ನಾನು ಟೈಪ್ ಮಾಡುವುದು ನಿಲ್ಲಿಸಿದೆ. "ನಿಮಗೆ ಸಾಕಾದದ್ದು ಅಡುಗೆಯಾ, 14 ಗಂಟೆ ನಿಂತಿರುವುದಾ?" ಎಂದು ಕೇಳಿದೆ. ರೆಸ್ಯೂಮ್ ಮಾಡಿಸದೆ ಹೋದರು. ಈಗ ಮದುವೆ ಅಡುಗೆ ವಹಿಸಿಕೊಳ್ಳುತ್ತಾರೆ.

ಇನ್ನೊಬ್ಬ 34 ವರ್ಷದ ಹುಡುಗ. ಎಂ.ಎ. ಆಗಿದೆ. ಕನ್ನಡ ಬಲ್ಲವರಿಗೆ ಮೀಸಲಾದ ಪಿಎಸ್‌ಸಿ ಹುದ್ದೆಗಾಗಿ ಕಾಯುತ್ತಾ ಬೇರೆ ಯಾವ ಕೆಲಸಕ್ಕೂ ಹೋಗಲಿಲ್ಲ. ಸಾಮಾನ್ಯ ವರ್ಗದವರಿಗೆ ಹೆಚ್ಚಿನ ಹುದ್ದೆಗಳಲ್ಲಿ 36 ವರ್ಷಕ್ಕೆ ಬಾಗಿಲು ಮುಚ್ಚುತ್ತದೆ. ಅವನಿಗೆ ಬಿಡಲು ಕೆಲಸವೇ ಇಲ್ಲ, ಕಾಯುವುದನ್ನು ಬಿಡಬೇಕು. ಇದು ನನಗೆ ಎಲ್ಲಕ್ಕಿಂತ ಬೇಸರದ ವಿಷಯ. ಪರೀಕ್ಷೆ ಬರೆಯಲಿ, ಖಂಡಿತ ಬರೆಯಲಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಅದು ನಮ್ಮ ಹಕ್ಕು. ಆದರೆ ಕೆಲಸ ಮಾಡುತ್ತಾ ಬರೆಯಬಹುದಲ್ವಾ? ಇದೇ ಬದಿಯಡ್ಕದಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮೇಷ್ಟ್ರಾಗಿ, ಪತ್ರಕರ್ತರಾಗಿ, ತೋಟದ ಕೆಲಸವನ್ನೂ ಮಾಡಿಕೊಂಡು ಬರೆದವರು. ಒಂದು ಕೆಲಸ ಇನ್ನೊಂದಕ್ಕೆ ಅಡ್ಡಿ ಎಂದು ಅವರು ಕೂರಲಿಲ್ಲ.

ನಾನು ಹೊಸತೇನನ್ನೂ ಜಾಸ್ತಿ ಕಲಿಯಲಿಲ್ಲ. ಮೂರು ಭಾಷೆ, ಕಾಗದ ಓದುವುದು, ಲೆಕ್ಕ. ಕಂಪನಿಯಲ್ಲಿ ಮಾಡಿದ್ದೂ ಅದೇ, ಈಗ ಮಾಡುವುದೂ ಅದೇ. ಆಗ ಕೌಂಟರಿನ ಆಚೆ ಬದಿ ಇದ್ದೆ, ಈಗ ಈಚೆ ಬಂದಿದ್ದೇನೆ. ಮಳೆಗಾಲದಲ್ಲಿ ಒಬ್ಬರು ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಮಡಚಿದ ಕಾಗದ ತೆಗೆದು ಕೊಟ್ಟರು. "ಪಿಂಚಣಿಯದ್ದಾ ನೋಡು ಮಗಾ" ಎಂದರು. ಅದು ಏಲಂ ನೋಟೀಸು. ಬೇರೆ ಕಂಪನಿಯದ್ದು, ಒಕ್ಕಣೆ ಮಾತ್ರ ನನಗೆ ಬಾಯಿಪಾಠ. ಹನ್ನೊಂದು ದಿನ ಉಳಿದಿತ್ತು. ನಿಧಾನವಾಗಿ ಕನ್ನಡದಲ್ಲಿ ಓದಿದೆ. ಅವರ ಮಗಳಿಗೆ ಫೋನ್ ಮಾಡಿಸಿದೆ. ಬಡ್ಡಿಯಷ್ಟನ್ನು ಈಗ ಕಟ್ಟುತ್ತೇವೆ, ಏಲಂ ತಡೆಯಿರಿ ಎಂದು ಪತ್ರ ಬರೆದೆ. ಸರ ಉಳಿಯಿತು. ಆ ದಿನ ನನಗೆ ಸಿಕ್ಕಿದ್ದು 30 ರೂಪಾಯಿ. ತಿಂಗಳ ಸಂಪಾದನೆ ಈಗಲೂ ಕೆಲವೊಮ್ಮೆ ಹಳೆಯ ಸಂಬಳಕ್ಕಿಂತ ಕಡಿಮೆ. ಕೊಡೆಯನ್ನು ಮಾತ್ರ ಮಳೆ ಬಂದರೆ ಬಿಡಿಸುತ್ತೇನೆ, ಮುಖಕ್ಕೆ ಹಿಡಿಯುವುದಿಲ್ಲ.

ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಕೇರಳದಲ್ಲಿ ಕನ್ನಡದವರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು ಎಂದು 1969ರ ಭಾಷಾ ಕಾನೂನಿನಲ್ಲೇ ಬಂದಿದೆ. ಹಾಗೆ ಬರೆಯುವ ಧೈರ್ಯ ಬರಬೇಕಾದರೆ ವಿಷಯ ಕನ್ನಡದಲ್ಲಿ ಸಿಗಬೇಕು. ಕನ್ನಡ ಬಲ್ಲವರಿಗೆ ಇರುವ ಪಿಎಸ್‌ಸಿ ಹುದ್ದೆಗಳ ಪ್ರಕಟಣೆ, ಕೊನೆಯ ದಿನಾಂಕ, ಪಿಎಫ್ ಮತ್ತು ಗ್ರಾಚ್ಯುಟಿಯ ನಿಯಮ, ಕೆಲಸ ಬದಲಾಯಿಸಿದ ಸಾಮಾನ್ಯ ಜನರ ಅನುಭವ, ಇಷ್ಟನ್ನು ಕಾಸರಗೋಡಿನ ಪುಟದಲ್ಲಿ ವಾರಕ್ಕೊಮ್ಮೆ ಹಾಕಿ. ಅರ್ಧ ಕಾಲಂ ಸಾಕು. ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಲು ಕುರ್ಚಿಯ ಎದುರಿಗೇ ಜಾಗ ಬಿಟ್ಟಿದ್ದೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು
ಬದಿಯಡ್ಕ, ಕಾಸರಗೋಡು ಜಿಲ್ಲೆ