ಕಪ್ಪು ಕಾರಿನ ಗೀರು: ತೆಗೆದದ್ದೋ, ಮುಚ್ಚಿದ್ದೋ?

ಸಂಪಾದಕರಿಗೆ,

ಮಾನ್ಯರೇ,

ಕಪ್ಪು ಬಣ್ಣದ ಕಾರಿನ ಮೇಲಿನ ಸಣ್ಣ ಗೀರುಗಳನ್ನು ಮನೆಯಲ್ಲೇ ಹೋಗಲಾಡಿಸುವುದು ಹೇಗೆಂದು ತಿಳಿಸುವ ಬರಹವೊಂದನ್ನು ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಓದಿದೆ. ಟೂತ್‌ಪೇಸ್ಟ್ ಹಚ್ಚಿ ಹತ್ತಿಬಟ್ಟೆಯಿಂದ ಚೆನ್ನಾಗಿ ಉಜ್ಜಿದರೆ ಗೀರು ಮಾಯವಾಗುತ್ತದೆ ಎಂಬ ಸಲಹೆ ಅದರಲ್ಲಿತ್ತು. ಮಾಯವಾಗುವುದೇನೋ ನಿಜ, ಆದರೆ ಗೀರಿನ ಜೊತೆಗೆ ಇನ್ನೇನು ಮಾಯವಾಗುತ್ತದೆ ಎಂಬುದನ್ನು ಬರಹ ಹೇಳಲಿಲ್ಲ. ಕಪ್ಪು ಕಾರನ್ನು ಇಟ್ಟುಕೊಂಡು, ಅದರ ಹೊಳಪಿನ ಹಿಂದೆ ಬಿದ್ದು, ಒಂದೆರಡು ಬಾರಿ ಮೋಸಹೋದವನಾಗಿ ಆ ಬಿಟ್ಟ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಈಗಿನ ಕಾರಿನ ಬಣ್ಣ ಒಂದೇ ಪದರದ್ದಲ್ಲ. ಲೋಹದ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಕಪ್ಪು ಬಣ್ಣದ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್ ಕೂತಿರುತ್ತವೆ. ಇವೆಲ್ಲ ಸೇರಿ ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಿದ್ದರೆ, ಕ್ಲಿಯರ್ ಕೋಟ್‌ನ ಪಾಲು 40ರಿಂದ 50 ಮೈಕ್ರಾನಿನ ಆಸುಪಾಸು. ತಲೆಗೂದಲಿನ ಒಂದು ಎಳೆಯೇ ಸುಮಾರು 70 ಮೈಕ್ರಾನ್ ಇರುತ್ತದೆ. ನಾವು ನೋಡಿ ಬೇಸರಪಡುವ ನವಿರು ಗೀರುಗಳೆಲ್ಲ ಇರುವುದು ಈ ತೆಳು ಪದರದ ಮೇಲ್ಮೈಯಲ್ಲಿ. ಅವನ್ನು ತೆಗೆಯುವುದೆಂದರೆ ಗೀರಿನ ತಳ ಎಷ್ಟು ಆಳದಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನ ಮೇಲ್ಮೈಯನ್ನು ಸವೆಸಿ ಮಟ್ಟ ಮಾಡುವುದು; ಗೀರನ್ನಷ್ಟೇ ಆರಿಸಿ ತೆಗೆಯುವ ವಿದ್ಯೆ ಯಾರಲ್ಲಿಯೂ ಇಲ್ಲ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಅಂಶವೂ ಇದೇ ಪದರದಲ್ಲಿರುವುದರಿಂದ, ಅಳತೆ ಮೀರಿ ಸವೆಸಿದ ಕಡೆ ಕೆಲವು ವರ್ಷಗಳಲ್ಲಿ ಹೊಳಪು ಸತ್ತು, ಪದರ ಹಕ್ಕಳೆ ಎದ್ದು ಉದುರತೊಡಗುತ್ತದೆ. ಆಮೇಲೆ ಯಾವ ಪಾಲಿಶ್‌ಗೂ ಅದು ಬಗ್ಗುವುದಿಲ್ಲ, ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ.

ಕಪ್ಪು ಕಾರಿನಲ್ಲೇ ಇದೆಲ್ಲ ಏಕೆ ಇಷ್ಟು ಎದ್ದುಕಾಣುತ್ತದೆ ಎಂದು ಹಲವರು ಕೇಳುತ್ತಾರೆ. ಗೀರುಗಳು ಬಿಳಿ ಕಾರಿನಲ್ಲೂ ಅಷ್ಟೇ ಇರುತ್ತವೆ. ಪ್ರತಿಯೊಂದು ಗೀರಿನ ಅಂಚೂ ಬೆಳಕನ್ನು ಚದುರಿಸುತ್ತದೆ. ಬಿಳಿಯ ಮೇಲೆ ಆ ಚದುರಿದ ಬೆಳಕು ಸುತ್ತಲಿನ ಬೆಳಕಿನಲ್ಲೇ ಬೆರೆತುಹೋಗುತ್ತದೆ, ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ನುಂಗುವ ಕಪ್ಪಿನ ಮೇಲೆ ಅದು ಬೆಳ್ಳಿಯ ಎಳೆಯಂತೆ ಉಳಿಯುತ್ತದೆ. ಇನ್ನು ಈ ಗೀರುಗಳು ಸುಳಿಯಂತೆ ದುಂಡಗೆ ಕಾಣುವುದು ನಮ್ಮ ಕಣ್ಣಿಗೆ ಆಗುವ ಭ್ರಮೆ. ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಕಾಣುವ ವೃತ್ತಗಳನ್ನು ನೋಡುತ್ತ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ, ಬಲೆಯೂ ನಮ್ಮೊಡನೆ ಸರಿಯುತ್ತದೆ. ನಿಜವಾಗಿ ಅಲ್ಲಿರುವುದು ಎಲ್ಲ ದಿಕ್ಕಿಗೂ ಎಳೆದ ಸಾವಿರಾರು ಗೆರೆಗಳು. ಬೆಳಕಿನ ಬಿಂದುವಿನ ಸುತ್ತ ಅಡ್ಡಲಾಗಿ ಬಿದ್ದವು ಮಾತ್ರ ಹೊಳೆದು ಕಣ್ಣಿಗೆ ತಲುಪುವುದರಿಂದ ವೃತ್ತದಂತೆ ತೋರುತ್ತವೆ. ಆದ್ದರಿಂದ, ದುಂಡಗೆ ಒರೆಸಿದ್ದರಿಂದಲೇ ಸುಳಿ ಬಿತ್ತು, ಉದ್ದಕ್ಕೆ ಒರೆಸಿದ್ದರೆ ಬೀಳುತ್ತಿರಲಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಬಟ್ಟೆಯಲ್ಲಿ ಮರಳಿನ ಕಣವಿದ್ದರೆ ಹೇಗೆ ಒರೆಸಿದರೂ ಗೆರೆ ಬೀಳುತ್ತದೆ.

ಈಗ ನನ್ನ ಅನುಭವಕ್ಕೆ ಬರುತ್ತೇನೆ. ಕಾರು ಕೊಂಡು ಎರಡು ವರ್ಷವಾಗುವಷ್ಟರಲ್ಲಿ ಬಾನೆಟ್ಟು, ಡಿಕ್ಕಿ, ಬಾಗಿಲುಗಳೆಲ್ಲ ಈ ಬಲೆಯಿಂದ ತುಂಬಿದ್ದವು. ಪಾಲಿಶ್ ಮಾಡಿಕೊಡುತ್ತೇವೆಂದವರೊಬ್ಬರ ಬಳಿ ಬಿಟ್ಟೆ. ಸಂಜೆ ಕಾರು ಕನ್ನಡಿಯಂತೆ ಹೊಳೆಯುತ್ತ ಹೊರಗೆ ಬಂದಾಗ ಆದ ಸಂತೋಷ ನಾಲ್ಕನೆಯ ಸಲ ಕಾರು ತೊಳೆಯುವವರೆಗೆ ಉಳಿಯಿತು. ಹಳೆಯ ಗೀರುಗಳೆಲ್ಲ ಒಂದೂ ತಪ್ಪದೆ ಮರಳಿದ್ದವು. ಅವುಗಳ ಜೊತೆಗೆ ಬಿಸಿಲಿನಲ್ಲಿ ಮಾತ್ರ ಕಾಣುವ, ಎಣ್ಣೆಯ ನೆರಳಿನಂತೆ ಓಲಾಡುವ ಹೊಸ ಪಟ್ಟೆಗಳೂ ಇದ್ದವು. ಆಮೇಲೆ ತಿಳಿದದ್ದಿಷ್ಟು: ಗೀರುಗಳ ಸಂದಿಯನ್ನು ತುಂಬುವ ಎಣ್ಣೆ, ಮೇಣದಂಥ ಪದಾರ್ಥಗಳು ಹಲವು ಪಾಲಿಶ್‌ಗಳಲ್ಲಿರುತ್ತವೆ, ಶಾಂಪೂ ತಾಗಿದಂತೆಲ್ಲ ಅವು ತೊಳೆದುಹೋಗುತ್ತವೆ. ಆ ಪಟ್ಟೆಗಳು, ಒಂದೇ ಅಕ್ಷದ ಸುತ್ತ ಜೋರಾಗಿ ತಿರುಗುವ ರೋಟರಿ ಯಂತ್ರವನ್ನು ಅವಸರದಲ್ಲಿ ಓಡಿಸಿದ್ದರ ಗುರುತು; ಈ ಕೆಲಸದವರು ಅವನ್ನು ಹಾಲೊಗ್ರಾಮ್ ಎನ್ನುತ್ತಾರೆ. ಅಂದರೆ ನನ್ನ ಕಾರಿನ ಕ್ಲಿಯರ್ ಕೋಟ್ ಒಂದಿಷ್ಟು ಸವೆದದ್ದೂ ಹೌದು, ಗೀರು ಹೋಗದೆ ಉಳಿದದ್ದೂ ಹೌದು.

ಮುಚ್ಚುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕ್ಲಿಯರ್ ಕೋಟ್ ಈಗಾಗಲೇ ತೆಳುವಾಗಿರುವ ಹಳೆಯ ಕಾರಿಗೆ ಮುಚ್ಚುವುದೇ ಜಾಣತನ. ಮುಚ್ಚಿದ್ದನ್ನು ತೆಗೆದದ್ದೆಂದು ಹೇಳಿ ಹಣ ಪಡೆಯುವುದು ಮಾತ್ರ ತಪ್ಪು. ಇದನ್ನು ಪತ್ತೆಹಚ್ಚುವುದು ಕಷ್ಟವೇನಲ್ಲ. ಪಾಲಿಶ್ ಆದ ಜಾಗವನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮೆದುವಾದ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ಒಂದೇ ಬಲ್ಬಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಸಾಕು. ಎಣ್ಣೆ ಹೋಗಿ ಮೇಲ್ಮೈಯ ನಿಜರೂಪ ಕಾಣುತ್ತದೆ. ಟ್ಯೂಬ್‌ಲೈಟುಗಳ ಸಾಲಿನ ಕೆಳಗೆ ನಿಂತು ನೋಡಿ ಒಪ್ಪಿಕೊಳ್ಳಬಾರದು. ಹರಡಿದ ಬೆಳಕಿನಲ್ಲಿ ಯಾವ ಕಪ್ಪು ಕಾರೂ ಚೆನ್ನಾಗಿಯೇ ಕಾಣುತ್ತದೆ.

ನಿಜವಾಗಿ ತೆಗೆಯುವ ಕೆಲಸ ತಾಳ್ಮೆಯದು. ಕಾರನ್ನು ನೆರಳಿನಲ್ಲಿ ತೊಳೆದು, ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಟ್ಟು ಬಾನೆಟ್ಟಿನ ಮೇಲೆ ಬೆರಳಾಡಿಸಿದರೆ, ಕಣ್ಣಿಗೆ ಸ್ವಚ್ಛವಾಗಿ ಕಂಡ ಮೇಲ್ಮೈ ರವೆ ಚೆಲ್ಲಿದಂತೆ ತರಿತರಿಯಾಗಿ ತಾಗುವುದುಂಟು. ಅದು ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಟಾರಿನ ಹನಿ, ಮರದ ಅಂಟು. ಇವನ್ನು ಕ್ಲೇ ಬಾರ್ ಎಂಬ ಮೆದು ಜೇಡಿಯಂಥ ವಸ್ತುವಿನಿಂದ, ಜಾರುವ ದ್ರವವನ್ನು ಧಾರಾಳವಾಗಿ ಸಿಂಪಡಿಸುತ್ತ ತೆಗೆಯದೆ ಪಾಲಿಶ್‌ಗೆ ಇಳಿದರೆ, ಕಿತ್ತುಬಂದ ಕಣಗಳೇ ಪಾಲಿಶ್ ಯಂತ್ರದ ಪ್ಯಾಡಿಗೆ ಸಿಕ್ಕಿಕೊಂಡು ಹೊಸ ಗೀರು ಎಳೆಯುತ್ತವೆ. ಬಳಿಕ ಬಾಡಿಯ ಮಡಿಕೆ, ಬಾಗಿಲ ಅಂಚು, ರಬ್ಬರು ಇವುಗಳ ಮೇಲೆ ಟೇಪು ಅಂಟಿಸಬೇಕು. ಅಂಚುಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಯಂತ್ರದ ಒತ್ತಡವೆಲ್ಲ ಅಲ್ಲಿಯೇ ಬೀಳುತ್ತದೆ. ಹೊಸಬರು ಕೈಗೆತ್ತಿಕೊಳ್ಳಬೇಕಾದದ್ದು ಡ್ಯುಯಲ್ ಆ್ಯಕ್ಷನ್ ಯಂತ್ರವನ್ನು. ಅದರ ಪ್ಯಾಡು ತಿರುಗುತ್ತಲೇ ಓಲಾಡುವುದರಿಂದ ಒಂದೇ ಕಡೆ ಶಾಖ ಕೂಡುವುದಿಲ್ಲ.

ಇಡೀ ಕಾರಿಗೆ ಕೈಹಾಕುವ ಮೊದಲು ಬಾನೆಟ್ಟಿನ ಒಂದು ಮೂಲೆಯಲ್ಲಿ ಎರಡು ಗೇಣಿನಷ್ಟು ಜಾಗವನ್ನು ಪ್ರಯೋಗಕ್ಕೆ ಆರಿಸಿಕೊಳ್ಳಬೇಕು. ಅತಿ ನಯವಾದ ಪಾಲಿಶನ್ನು ಮೆತ್ತನೆಯ ಫೋಮ್ ಪ್ಯಾಡಿನಲ್ಲಿ ಹಾಕಿ ಮೊದಲು ಪ್ರಯತ್ನಿಸುವುದು, ಅದರಿಂದ ಸಾಲದಿದ್ದರೆ ಮಾತ್ರ ಹೆಚ್ಚು ಸವೆಸುವ ಒರಟು ಪಾಲಿಶಾದ ಕಾಂಪೌಂಡಿಗೆ ಹೋಗುವುದು ಸರಿಯಾದ ಕ್ರಮ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು: ಬೇಗ ಮುಗಿಯಲೆಂದು ಒರಟಿನಿಂದಲೇ ಶುರುಮಾಡುತ್ತಾರೆ. ನಾನು ಪ್ರಯೋಗಿಸಿದಾಗ ನಯವಾದ ಪಾಲಿಶನ್ನು, ಕಡಲೆಕಾಳಿನಷ್ಟು ದಪ್ಪದ ನಾಲ್ಕು ಹನಿ ಹಾಕಿ, ಸೆಕೆಂಡಿಗೆ ಒಂದಂಗುಲದಂತೆ ನಿಧಾನವಾಗಿ ನಾಲ್ಕು ಸುತ್ತು ಓಡಿಸಿದ್ದಕ್ಕೇ ಮುಕ್ಕಾಲು ಪಾಲು ಗೀರುಗಳು ಇಳಿದವು. ಉಳಿದವನ್ನು ಬೆನ್ನಟ್ಟಿ ಹೋಗಲಿಲ್ಲ. ಕಾಂಪೌಂಡ್ ಬಳಸಿದರೆ ಕಪ್ಪಿನ ಮೇಲೆ ಮಂಜು ಮುಸುಕಿದಂಥ ಮಬ್ಬು ಉಳಿಯುವುದರಿಂದ, ಮತ್ತೊಮ್ಮೆ ನಯವಾದ ಪಾಲಿಶಿನ ಸುತ್ತು ತಪ್ಪದು. ಟೂತ್‌ಪೇಸ್ಟಿನ ತೊಂದರೆಯೂ ಇದೇ. ಅದರಲ್ಲಿರುವ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಡಿ ಹಲ್ಲಿನ ಗಟ್ಟಿ ಎನಾಮಲ್ಲಿಗಾಗಿ ಸೇರಿಸಿದ್ದು; ಅದಕ್ಕಿಂತ ಎಷ್ಟೋ ಮೆದುವಾದ ಕ್ಲಿಯರ್ ಕೋಟ್ ಮೇಲೆ ಬೆರಳಿನ ಒತ್ತಡದಲ್ಲಿ ಉಜ್ಜಿದರೆ ಒಂದು ಗೀರಿನ ಜಾಗದಲ್ಲಿ ಅಂಗೈಯಗಲದ ಮಬ್ಬು ಕೂರುತ್ತದೆ.

ಉಗುರು ಅಡ್ಡಲಾಗಿ ಎಳೆದಾಗ ತಡೆಯುವ ಗೀರಿಗೆ ಪಾಲಿಶ್ ಮದ್ದಲ್ಲ. ಬಿಳಿ ಅಥವಾ ಬೂದು ಬಣ್ಣ ಇಣುಕಿದರೆ ಪ್ರೈಮರ್‌ವರೆಗೆ ಇಳಿದಿದೆಯೆಂದು ತಿಳಿದು, ಲೋಹಕ್ಕೆ ತುಕ್ಕು ಹತ್ತುವ ಮೊದಲು ಟಚ್ ಅಪ್ ಬಣ್ಣ ತುಂಬಿಸುವುದು ಒಳ್ಳೆಯದು.

ಬಣ್ಣದ ದಪ್ಪ ಅಳೆಯುವ ಮಾಪಕವೊಂದಿದೆ. ಅದನ್ನು ಮೇಲ್ಮೈಗೆ ಮುಟ್ಟಿಸಿದರೆ ಮೈಕ್ರಾನ್ ಲೆಕ್ಕ ತೋರಿಸುತ್ತದೆ. ಅದು ಅಳೆಯುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು, ಕ್ಲಿಯರ್ ಕೋಟ್ ಒಂದನ್ನೇ ಅಲ್ಲ; ಸಾಮಾನ್ಯ ಮಾಪಕ ಪ್ಲಾಸ್ಟಿಕ್ ಬಂಪರಿನ ಮೇಲೆ ಕೆಲಸ ಮಾಡುವುದೂ ಇಲ್ಲ. ಆದರೂ ಕೆಲಸಕ್ಕೆ ಮುಂಚೆ ಮತ್ತು ಕೆಲಸದ ನಂತರ ಅದೇ ಜಾಗದ ಅಳತೆಯನ್ನು ಬರೆದುಕೊಡುವುದು ಪಾಲಿಶ್ ಮಾಡುವವರೆಲ್ಲರ ರೂಢಿಯಾಗಬೇಕೆಂಬುದು ನನ್ನ ಒತ್ತಾಯ. ಒಂದು ಕಡೆ 120 ಇದ್ದು ಪಕ್ಕದ ಬಾಗಿಲಿನಲ್ಲಿ 250 ಬಂದರೆ ಆ ಬಾಗಿಲಿಗೆ ಹಿಂದೆ ಮರುಬಣ್ಣ ಬಿದ್ದಿರುವ ಸಂಭವ ಹೆಚ್ಚೆಂಬುದೂ ಇದರಿಂದ ಗೊತ್ತಾಗುತ್ತದೆ. ಹಳೆಯ ಕಾರು ಕೊಳ್ಳುವವರಿಗೆ ಇದು ಬೇರೆಯದೇ ಲಾಭ. ಬಣ್ಣದ ಮೇಲೆ ಗಟ್ಟಿ ರಕ್ಷಾಪದರವಾಗಿ ಕೂರುವ ಸೆರಾಮಿಕ್ ಕೋಟಿಂಗ್ ಹಾಕಿಸಿಕೊಳ್ಳುವವರೂ ಮೊದಲು ಆಲ್ಕೊಹಾಲಿನ ಪರೀಕ್ಷೆ ಮಾಡಿಸಲಿ. ಗೀರುಗಳ ಮೇಲೆ ಕೋಟಿಂಗ್ ಹಾಕಿದರೆ ಗೀರುಗಳು ಒಳಗೇ ಉಳಿಯುತ್ತವೆ. ಕೋಟಿಂಗಿನ ಡಬ್ಬಿಯ ಮೇಲೆ ಬರೆದಿರುವ 9ಎಚ್ ಎಂಬುದು ಪೆನ್ಸಿಲ್ ಸೀಸದ ಗಟ್ಟಿತನದ ಅಳತೆಯೇ ಹೊರತು ಕಲ್ಲಿನದಲ್ಲ, ಮರಳಿನ ಕಣದ ಮುಂದೆ ಅದು ನಿಲ್ಲದು.

ಗೀರು ಹೆಚ್ಚಾಗಿ ಹುಟ್ಟುವುದು ತೊಳೆಯುವಾಗ ಮತ್ತು ಒರೆಸುವಾಗ. ಧೂಳು ಕೂತ ಕಾರನ್ನು ಒಣಬಟ್ಟೆಯಿಂದ ಜಾಡಿಸುವ ಐದು ನಿಮಿಷದ ಕೆಲಸ, ಪಾಲಿಶ್‌ನ ಒಂದು ದಿನದ ದುಡಿಮೆಯನ್ನು ನುಂಗಿಹಾಕುತ್ತದೆ. ಮೊದಲು ಬರೀ ನೀರು ಹಾಯಿಸಿ ಮಣ್ಣು ಇಳಿಸಬೇಕು. ಶಾಂಪೂವಿಗೊಂದು, ಬಟ್ಟೆ ಜಾಲಾಡಲೊಂದು, ಹೀಗೆ ಎರಡು ಬಕೆಟ್ ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಚಕ್ರ ತೊಳೆದ ಬಟ್ಟೆ ಬಾಡಿಗೆ ತಾಗಬಾರದು. ನೆಲಕ್ಕೆ ಬಿದ್ದ ಮೈಕ್ರೋಫೈಬರ್ ಬಟ್ಟೆಯನ್ನು ಕೊಡವಿ ಮತ್ತೆ ಬಳಸುವವರನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ತಮ್ಮ ವಾಹನ ಪುಟದ ಮುಂದಿನ ಸಂಚಿಕೆಯಲ್ಲಿ ಟೂತ್‌ಪೇಸ್ಟಿನ ಸಲಹೆಗೆ ಒಂದು ತಿದ್ದುಪಡಿಯನ್ನು, ಚಿಕ್ಕದಾಗಿಯಾದರೂ, ಪ್ರಕಟಿಸಬೇಕೆಂದು ಕೋರುತ್ತೇನೆ. ಬರಹವನ್ನು ಓದಿದ ನನ್ನ ನೆರೆಯವರು ಈಗಾಗಲೇ ತಮ್ಮ ಕಪ್ಪು ಕಾರಿನ ಎಡಬಾಗಿಲಿನ ಮೇಲೆ ಅದನ್ನು ಪ್ರಯೋಗಿಸಿ ನೋಡಿದ್ದಾರೆ. ಬಲಬಾಗಿಲು ಇನ್ನೂ ಬಾಕಿ ಇದೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ