86ನೆಯ ಪುಟ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ಭಾನುವಾರ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಕರೆ ಮಾಡಲಿಲ್ಲ. ಅದು ಕೋಪದಿಂದಲ್ಲ, ಕರೆ ಮಾಡಿದ್ದರೆ ಅದೇ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಮತ್ತೊಮ್ಮೆ ಹೇಳುತ್ತಿದ್ದೆನೆಂದು ನನಗೇ ಗೊತ್ತಿತ್ತು. ಎರಡು ದಿನ ನನ್ನನ್ನು ನೋಡುತ್ತಲೇ ಇದ್ದ ನಿನ್ನ ಅಮ್ಮ ಕೊನೆಗೆ, "ಬಾಯಲ್ಲಿ ಹೇಳಲು ಬರದಿದ್ದರೆ ಬರೆದಾದರೂ ಕಳಿಸಿ" ಎಂದಳು. ಪತ್ರವಾದರೆ ನಡುವೆ ನೀನು "ಅಪ್ಪ, ಸಾಕು" ಎನ್ನಲಾಗುವುದಿಲ್ಲ ಎಂಬ ಸ್ವಾರ್ಥವೂ ನನ್ನದರಲ್ಲಿ ಸೇರಿದೆ.

ನಿನ್ನ ಗಣಿತದ ಸಂಶೋಧನಾ ಪ್ರಬಂಧದ ಮೂರು ವರ್ಷದ ಕೆಲಸವೆಲ್ಲ ಯಾವ ಸಹಪ್ರಮೇಯದ (ದೊಡ್ಡ ಪ್ರಮೇಯಕ್ಕೆ ಮೆಟ್ಟಿಲಾಗುವ ಚಿಕ್ಕ ಪ್ರಮೇಯದ) ಮೇಲೆ ನಿಂತಿತ್ತೋ ಅದರ ರುಜುವಾತಿನಲ್ಲಿಯೇ ಬಿರುಕು ಸಿಕ್ಕಿದೆ ಎಂದು ನೀನು ಹೇಳಿದಾಗ ನಾನು ಆಡಿದ ಮೊದಲ ಮಾತು, "ಹಾಗಾದರೆ ಹದಿನಾಲ್ಕು ವಾರದಿಂದ 86ನೆಯ ಪುಟದಲ್ಲೇ ಇರುವುದಕ್ಕೆ ಇದೇ ಕಾರಣವೇ?" ಎಂಬುದಾಗಿತ್ತು. ನೀನು ಒಂದು ಕ್ಷಣ ಸುಮ್ಮನಿದ್ದು, "ಅಪ್ಪ, ನೀವು ಬರೆದಿಟ್ಟುಕೊಂಡಿದ್ದೀರಾ?" ಎಂದು ಕೇಳಿದೆ. ನಾನು ಮಾತು ಬದಲಿಸಿದೆ. ಈಗ ಉತ್ತರ ಕೊಡುತ್ತೇನೆ: ಹೌದು, ಬರೆದಿಟ್ಟಿದ್ದೇನೆ. ನೀಲಿ ರಟ್ಟಿನ ಒಂದು ಪುಸ್ತಕದಲ್ಲಿ ಪ್ರತಿ ಭಾನುವಾರದ ದಿನಾಂಕ, ಅದರ ಮುಂದೆ ನೀನು ಮಾತಿನ ನಡುವೆ ಹೇಳಿದ ಪುಟದ ಸಂಖ್ಯೆ, ಅದರ ಮುಂದೆ ಹಿಂದಿನ ವಾರಕ್ಕಿಂತ ಎಷ್ಟು ಹೆಚ್ಚಾಯಿತೆಂಬ ಅಂಕಿ ಇವೆ. ಹೆಚ್ಚಾಗದ ವಾರಗಳು ಕೆಂಪು ಶಾಯಿಯಲ್ಲಿವೆ. 31 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೂತು ಎದ್ದವನಿಗೆ ಮಗಳ ಮೇಲಿನ ಕಾಳಜಿಯನ್ನೂ ಕಾಲಂ ಎಳೆದೇ ಇಡುವ ಅಭ್ಯಾಸವಾಗಿರುತ್ತದೆ ಎಂದು ಸಮಜಾಯಿಷಿ ಹೇಳಬಹುದು. ಆದರೆ ಕೆಂಪು ಶಾಯಿಗೆ ಸಮಜಾಯಿಷಿ ಇಲ್ಲ.

ಆಮೇಲೆ ಗಣಿತಜ್ಞ ಆಂಡ್ರ್ಯೂ ವೈಲ್ಸ್ ಅವರ ಕಥೆ ತೆಗೆದೆ. ಗಣಿತವನ್ನೇ ಉಸಿರಾಡುವವಳಿಗೆ ಗಣಿತದ ಪುರಾಣ ಹೇಳಲು ಹೊರಟ ನನ್ನ ಧೈರ್ಯಕ್ಕೆ ಏನೆನ್ನಬೇಕೋ! 1993ರ ಜೂನ್‌ನಲ್ಲಿ, ಶತಮಾನಗಳಿಂದ ಬಗೆಹರಿಯದಿದ್ದ ಫರ್ಮಾನ ಕೊನೆಯ ಪ್ರಮೇಯದ ರುಜುವಾತು ಸಿಕ್ಕಿತೆಂದು ಕೇಂಬ್ರಿಜ್‌ನಲ್ಲಿ ಘೋಷಿಸಿದರು, ಕೆಲವೇ ತಿಂಗಳಲ್ಲಿ ಅದರಲ್ಲಿ ದೋಷ ಕಂಡುಬಂತು, 1994ರ ಸೆಪ್ಟೆಂಬರ್‌ನಲ್ಲಿ ಸರಿಪಡಿಸಿದರು, ಆದ್ದರಿಂದ ನೀನೂ ಎಂದು ನಾನು ಮುಗಿಸುವ ಮೊದಲೇ ನೀನು, "ಅವರಿಗೆ ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ಇತ್ತು ಅಪ್ಪ, ನನ್ನ ಫೆಲೋಶಿಪ್ ಎಂಟು ತಿಂಗಳಲ್ಲಿ ಮುಗಿಯುತ್ತದೆ" ಎಂದೆ. ಸರಿಯಾದ ಮಾತು. ನಾನು ಆ ಕಥೆಯನ್ನು ಹೇಳಿದ ರೀತಿಯಲ್ಲಿ ದೋಷಕ್ಕೂ ಪರಿಹಾರಕ್ಕೂ ನಡುವೆ ಒಂದು ಅಲ್ಪವಿರಾಮ ಮಾತ್ರ ಇತ್ತು. ಅವರ ಬದುಕಿನಲ್ಲಿ ಅಲ್ಲಿ ಒಂದು ವರ್ಷಕ್ಕೂ ಮೀರಿದ ಕಾಲ ಇತ್ತು. ಅದಕ್ಕೂ ಮೊದಲಿನ ಏಳು ವರ್ಷ ಅವರು ಹೆಚ್ಚು ಕಡಿಮೆ ಗುಟ್ಟಾಗಿಯೇ ಕೆಲಸ ಮಾಡಿದ್ದರು, ಆದರೆ ದೋಷ ಸಿಕ್ಕ ಮೇಲಿನ ಕೆಲಸವೆಲ್ಲ ಜಗತ್ತಿನ ಕಣ್ಣೆದುರಿಗೇ ನಡೆಯಬೇಕಾಯಿತು, ಹಾಗೆ ಎಲ್ಲರೂ ನೋಡುತ್ತಿರುವಾಗ ಗಣಿತ ಮಾಡುವುದು ತಮಗೆ ಒಗ್ಗುವುದಲ್ಲವೆಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಈ ಭಾಗವನ್ನು ಭಾನುವಾರ ರಾತ್ರಿ ಓದಿದೆ. ಓದಿದಾಗ ನನಗೆ ವೈಲ್ಸ್ ನೆನಪಾಗಲಿಲ್ಲ, ನೀಲಿ ರಟ್ಟಿನ ಪುಸ್ತಕ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ಇರುವೆಗಳು ನೆನಪಾದವು.

ನಿನಗೆ ಆರು ವರ್ಷ. ಕಚೇರಿಯಿಂದ ನಾನು ಎರಡೂ ಅಂಚಿನಲ್ಲಿ ತೂತುಗಳಿದ್ದ ಹಳೆಯ ಕಂಪ್ಯೂಟರ್ ಹಾಳೆಗಳನ್ನು ತರುತ್ತಿದ್ದೆ. ಒಂದು ಬದಿಯಲ್ಲಿ ಯಾರದೋ ಜಮಾಖರ್ಚು, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿಯಲ್ಲಿ ನೀನು ಇರುವೆಗಳನ್ನು ಬರೆಯುತ್ತಿದ್ದೆ. ಸಾಲು ಒಂದು ಹಾಳೆಯಲ್ಲಿ ಮುಗಿಯುತ್ತಿರಲಿಲ್ಲ, ಅಂಚು ದಾಟಿ ಮುಂದಿನ ಹಾಳೆಗೆ, ಅಲ್ಲಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ನೀನು ನೆಲದ ಮೇಲೆ ಮೊಣಕಾಲೂರಿ ಹಿಂದೆ ಹಿಂದೆ ಸರಿಯುತ್ತಾ ಬರೆಯುತ್ತಾ ಹೋಗಿ ಬೆನ್ನಿಗೆ ಬಾಗಿಲು ತಾಗಿದಾಗ ಮಾತ್ರ ನಿಲ್ಲುತ್ತಿದ್ದೆ. ಪ್ರತಿ ಇರುವೆಗೂ ಆರು ಕಾಲು ಇರುತ್ತಿದ್ದವು. ಕೆಲವು ಏನನ್ನೋ ಹೊತ್ತಿರುತ್ತಿದ್ದವು. ಒಂದು ಮಾತ್ರ ಎಲ್ಲದಕ್ಕೂ ಎದುರು ದಿಕ್ಕಿಗೆ ಹೋಗುತ್ತಿತ್ತು, ಅದು ಏನನ್ನೋ ಮರೆತು ಬಂದಿದೆಯೆಂದು ನೀನು ಹೇಳಿದ್ದೆ.

ಇದನ್ನು ಪ್ರೋತ್ಸಾಹಿಸಬೇಕೆಂದು ನನಗೆ ಅನ್ನಿಸಿತು. ಅನ್ನಿಸದೇ ಇದ್ದಿದ್ದರೆ ಚೆನ್ನಾಗಿತ್ತು. ಒಂದು ಹಾಳೆ ಮುಗಿಸಿದರೆ ಒಂದು ನಕ್ಷತ್ರ ಅಂಟಿಸುತ್ತೇನೆ, ಇಪ್ಪತ್ತು ನಕ್ಷತ್ರವಾದರೆ ದೊಡ್ಡ ಬಣ್ಣದ ಪೆಟ್ಟಿಗೆ ಎಂದು ಘೋಷಿಸಿದೆ. ಗೋಡೆಯ ಮೇಲೆ ಚಾರ್ಟ್ ಕೂಡ ಹಾಕಿದೆ. ಮೊದಲ ವಾರ ಹಾಳೆಗಳು ಹೆಚ್ಚಾದವು, ನಾನು ಹಿಗ್ಗಿದೆ. ಎರಡನೆಯ ವಾರ ಸಾಲು ಹಾಳೆಯ ಅಂಚು ದಾಟುವುದು ನಿಂತಿತು, ಏಕೆಂದರೆ ದಾಟಿದರೆ ಅದು ಎರಡು ಹಾಳೆಯೋ ಒಂದೋ ಎಂಬ ತಕರಾರು ಬರುತ್ತಿತ್ತು. ಆಮೇಲೆ ಹಾಳೆಗೆ ಹತ್ತು ಇರುವೆ, ಆಮೇಲೆ ಐದು. ಹತ್ತೊಂಬತ್ತನೆಯ ಹಾಳೆ ನನಗೆ ಕಣ್ಣಿಗೆ ಕಟ್ಟಿದಂತಿದೆ: ಇಡೀ ಹಾಳೆಯ ನಡುವೆ ಒಂದೇ ಒಂದು ಇರುವೆ, ಅದಕ್ಕೂ ನಾಲ್ಕೇ ಕಾಲು. "ಮುಗೀತು, ನಕ್ಷತ್ರ ಕೊಡಿ" ಎಂದೆ. ನಾನು ಕೊಟ್ಟೆ. ಹಾಳೆ ಮುಗಿದಿತ್ತಲ್ಲ, ಲೆಕ್ಕ ತಾಳೆಯಾಗಿತ್ತು. ಬಣ್ಣದ ಪೆಟ್ಟಿಗೆಯೂ ಬಂತು, ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನೀನು ಹರಿಯಲೇ ಇಲ್ಲ. ಇರುವೆಗಳು ಮತ್ತೆ ಬರಲಿಲ್ಲ. ನಿನ್ನ ಅಮ್ಮ, "ಮಕ್ಕಳಿಗೆ ಒಂದು ಹುಚ್ಚು ಬಿಟ್ಟು ಇನ್ನೊಂದು ಹಿಡಿಯುತ್ತದೆ" ಎನ್ನುತ್ತಾಳೆ. ಇರಬಹುದು. ಆದರೆ ಇಪ್ಪತ್ತೆರಡು ವರ್ಷವಾದರೂ ನಾನು ಅದನ್ನು ನಂಬಿಲ್ಲ.

ಬಹಳ ತಡವಾಗಿ ಒಂದು ಪ್ರಯೋಗದ ಬಗ್ಗೆ ಓದಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದ್ದು. ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ, ಬರೆದರೆ ರಿಬ್ಬನ್ ಅಂಟಿಸಿದ ಪ್ರಶಸ್ತಿ ಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪ್ರಶಸ್ತಿ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ಮೇಲೆ ನೋಡಿದರೆ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯಲು ಕಳೆದ ಸಮಯ ಉಳಿದವರದಕ್ಕಿಂತ ಸುಮಾರು ಅರ್ಧವಾಗಿತ್ತು. ನನ್ನನ್ನು ಕುಟುಕಿದ್ದು ಎರಡನೆಯ ಗುಂಪು. ಅವರಿಗೂ ಪ್ರಶಸ್ತಿ ಸಿಕ್ಕಿತ್ತು, ಆದರೆ ಉತ್ಸಾಹ ಕುಂದಿರಲಿಲ್ಲ. ಎಂದರೆ ಕೆಡಿಸಿದ್ದು ಉಡುಗೊರೆಯಲ್ಲ, ಕರಾರು. ಹಾಗೇ ಸುಮ್ಮನೆ ಒಂದು ದಿನ ಆ ಬಣ್ಣದ ಪೆಟ್ಟಿಗೆಯನ್ನು ತಂದು ನಿನ್ನ ಪಕ್ಕದಲ್ಲಿ ಇಟ್ಟು ಹೋಗಿದ್ದರೆ ಸಾಕಾಗಿತ್ತು.

ಇದನ್ನು ನಾನು ಎಳೆಯುತ್ತಿದ್ದೇನೆ ಎಂದು ಗೊತ್ತಿದೆ. ಎಳೆಯುತ್ತಿರುವುದಕ್ಕೆ ಕಾರಣ, ಈ ಪ್ರಬಂಧದ ವಿಷಯದಲ್ಲೂ ನಾನು ಚಾರ್ಟ್ ಹಾಕಿದ್ದೇನೆ, ಗೋಡೆಯ ಬದಲು ಪುಸ್ತಕದಲ್ಲಿ. ಪ್ರತಿ ಭಾನುವಾರ "ಎಷ್ಟಾಯಿತು?" ಎಂದು ಕೇಳಿದೆ, ನೀನು ಸಂಖ್ಯೆ ಹೇಳಿದೆ. 86ಕ್ಕೆ ನಿಂತ ಮೇಲೆ ನಿನ್ನ ದನಿ ಚಿಕ್ಕದಾಗುತ್ತಾ ಹೋದದ್ದು ನನಗೆ ಕೇಳಿಸಿತ್ತು, ಆದರೂ ಕೇಳುವುದನ್ನು ಬಿಡಲಿಲ್ಲ. ಆ ಹದಿನಾಲ್ಕು ವಾರ ನೀನು ಸುಮ್ಮನಿರಲಿಲ್ಲ, ಬಿರುಕನ್ನು ಹುಡುಕುತ್ತಿದ್ದೆ. ಬೇರೆಯವರು ಹಿಡಿಯುವ ಮೊದಲು ನೀನೇ ಹಿಡಿದೆ. ನನ್ನ ಕಸುಬಿನಲ್ಲಿ ತನ್ನ ಲೆಕ್ಕದ ತಪ್ಪನ್ನು ತಾನೇ ಹುಡುಕಿ ಮೇಲಿನವರ ಮುಂದೆ ಇಟ್ಟವರನ್ನು ಒಂದು ಕೈಯಲ್ಲಿ ಎಣಿಸಬಹುದು. ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆಯೆಂದು ಆ ಕ್ಷಣದಲ್ಲಿ ಹೇಳಬೇಕಿತ್ತು. ಬದಲಿಗೆ, "ಚಿಕ್ಕಂದಿನಿಂದಲೂ ನೀನು ಜಾಣೆ, ಇದೇನು ಮಹಾ" ಎಂದೆ. ಈ 'ಜಾಣೆ' ಎಂಬ ಮಾತಿಗೂ ಕ್ಷಮೆ ಕೇಳಬೇಕು. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಜಾಣರೆಂದು ಹೊಗಳಿಸಿಕೊಂಡ ಮಕ್ಕಳು ಕಠಿಣ ಒಗಟುಗಳಲ್ಲಿ ಸೋತ ಮೇಲೆ, ಮುಂದುವರಿಸಲು ಶ್ರಮಕ್ಕೆ ಹೊಗಳಿಸಿಕೊಂಡವರಿಗಿಂತ ಕಡಿಮೆ ಮನಸ್ಸು ತೋರಿದರು. ಜಾಣತನವೇ ಬಂಡವಾಳವೆಂದು ತಿಳಿದವರಿಗೆ ಪ್ರತಿ ತಪ್ಪೂ ದಿವಾಳಿಯಂತೆ ಕಾಣುವುದು ಸಹಜವೇ. ಇಪ್ಪತ್ತೆಂಟು ವರ್ಷ ಆ ಬಂಡವಾಳವನ್ನು ನಿನ್ನ ಹೆಸರಿನಲ್ಲಿ ಜಮಾ ಮಾಡುತ್ತಾ ಬಂದವನು ನಾನು.

ಉಪದೇಶ ಮಾಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಆದ್ದರಿಂದ ಒಂದೇ ಒಂದು ವಿಷಯ ಹೇಳಿ ಬಿಡುತ್ತೇನೆ. ಈಗ ಬೆಳಿಗ್ಗೆ ಎದ್ದರೆ ಕಾಗದ ಮುಟ್ಟಲು ಮನಸ್ಸಾಗುವುದಿಲ್ಲ ಎಂದೆಯಲ್ಲ, ಅದನ್ನು ನಿನ್ನ ಸ್ವಭಾವದ ದೋಷವೆಂದು ತಿಳಿಯಬೇಡ. 1930ರ ದಶಕದಲ್ಲಿ ಕ್ಲಾರ್ಕ್ ಹಲ್ ಎಂಬ ಮನೋವಿಜ್ಞಾನಿ ಉದ್ದನೆಯ ಓಣಿಯಲ್ಲಿ ಇಲಿಗಳನ್ನು ಓಡಿಸಿ ನೋಡಿದಾಗ, ತುದಿಯಲ್ಲಿದ್ದ ಆಹಾರ ಹತ್ತಿರವಾದಂತೆ ಅವುಗಳ ಓಟ ಚುರುಕಾಗುತ್ತಿತ್ತು. ಮನುಷ್ಯರಲ್ಲೂ ಇದೇ ಗುಣ ಕಂಡಿದೆ. ನೀನು ತುದಿ ಕಾಣುವಷ್ಟು ಹತ್ತಿರ ಬಂದಿದ್ದೆ, ಈಗ ಯಾರೋ ತುದಿಯನ್ನೇ ಎತ್ತಿ ದೂರ ಇಟ್ಟಿದ್ದಾರೆ. ಕಾಲು ನಿಧಾನವಾಗದಿದ್ದರೆ ಆಶ್ಚರ್ಯಪಡಬೇಕಿತ್ತು. ಅದಕ್ಕೆ ದೊಡ್ಡ ತುದಿಯನ್ನು ಸ್ವಲ್ಪ ಕಾಲ ಮರೆತು, ಒಂದು ವಾರದಲ್ಲಿ ಮುಟ್ಟಬಹುದಾದ ತುದಿಯೊಂದನ್ನು ನೀನೇ ನೆಟ್ಟುಕೋ, ಸಹಪ್ರಮೇಯ ಯಾವ ವಿಶೇಷ ಸಂದರ್ಭದಲ್ಲಿ ಇನ್ನೂ ನಿಲ್ಲುತ್ತದೆ ಎಂಬಂಥ ಚಿಕ್ಕದೊಂದನ್ನು. ಮತ್ತೆ, 'ದಿನವೂ ಕೂರುತ್ತೇನೆ' ಎಂಬ ಸಂಕಲ್ಪಕ್ಕಿಂತ, 'ಹಲ್ಲುಜ್ಜಿದ ಮೇಲೆ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರುತ್ತೇನೆ' ಎಂದು ಸಮಯ, ಜಾಗ ಗೊತ್ತುಮಾಡಿಕೊಂಡ ಸಂಕಲ್ಪ ಹೆಚ್ಚು ನಡೆಯುತ್ತದೆಂದು ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆ ತೋರಿಸಿದೆ. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಹೋಯಿತೆಂದುಕೊಳ್ಳಬೇಡ. ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದಾಗ ಒಂದು ಅಭ್ಯಾಸ ಕೂತುಕೊಳ್ಳಲು ಒಬ್ಬೊಬ್ಬರಿಗೆ 18ರಿಂದ 254 ದಿನ ಬೇಕೆಂಬ ಅಂದಾಜು ಸಿಕ್ಕಿತು, ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ನಿದ್ದೆ ಕೆಡಿಸಿಕೊಳ್ಳಬೇಡ. ಮಾರ್ಗದರ್ಶಕರ ಮುಂದೆ ಬಿರುಕನ್ನು ಪೂರ್ತಿ ಬಿಚ್ಚಿಡು; ವೈಲ್ಸ್ ಕೂಡ ಕೊನೆಗೆ ತಮ್ಮ ಹಳೆಯ ವಿದ್ಯಾರ್ಥಿ ರಿಚರ್ಡ್ ಟೇಲರ್ ಅವರನ್ನು ಜೊತೆಗೆ ಕರೆದುಕೊಂಡರಲ್ಲವೇ? ನೋಡು, ಒಂದೇ ವಿಷಯವೆಂದು ಹೊರಟವನು ಐದು ಹೇಳಿದೆ, ವೈಲ್ಸ್ ಅವರನ್ನೂ ಮತ್ತೆ ಎಳೆದು ತಂದೆ.

ನನ್ನ ಭಯ ಇಷ್ಟೇ. ನೀನು ಇದನ್ನು ಬಿಡುವುದಾದರೆ ಬಿಡಬಹುದು. ಗಣಿತ ಸಾಕಾಗಿ ಬಿಟ್ಟರೆ ನಾನು ಎರಡು ದಿನ ಮುಖ ಊದಿಸಿಕೊಂಡು ಮೂರನೆಯ ದಿನ ಸರಿಯಾಗುತ್ತೇನೆ. ಆದರೆ ನನ್ನ ಕೆಂಪು ಶಾಯಿಗೆ ಹೆದರಿ ಬಿಟ್ಟರೆ ಅದು ಹತ್ತೊಂಬತ್ತನೆಯ ಹಾಳೆಯ ಇರುವೆಯಂತೆಯೇ ಆಗುತ್ತದೆ, ಅದನ್ನು ಎರಡನೆಯ ಬಾರಿ ನೋಡುವ ಶಕ್ತಿ ನನಗಿಲ್ಲ. ಈ ಮಾತನ್ನೂ ಇನ್ನೊಂದು ಹೊರೆಯಾಗಿ ನಿನ್ನ ಮೇಲೆ ಹೊರಿಸುತ್ತಿದ್ದೇನೋ ಏನೋ. ಬರೆದಾಗಿದೆ, ಹೊಡೆದುಹಾಕುವುದಿಲ್ಲ.

ಫೆಲೋಶಿಪ್ ಮುಗಿದ ಮೇಲಿನ ಒಂದು ವರ್ಷದ ಖರ್ಚಿನ ಬಗ್ಗೆ ನಾನೂ ಅಮ್ಮನೂ ಮಾತಾಡಿದ್ದೇವೆ. ಅಷ್ಟು ನಮ್ಮಲ್ಲಿದೆ. ನೀನು ಪ್ರಬಂಧ ಮುಗಿಸಿದರೂ ಅದು ನಿನ್ನದೇ, ಮುಗಿಸದೆ ಬೇರೆ ದಾರಿ ಹಿಡಿದರೂ ನಿನ್ನದೇ, ಸುಮ್ಮನೆ ಆರು ತಿಂಗಳು ಮನೆಯಲ್ಲಿ ಮಲಗಿದರೂ ನಿನ್ನದೇ. ಮುಂಗಡವಾಗಿ ಹೇಳುತ್ತಿರುವುದರಿಂದ ಇದೂ ಕರಾರಾಗುತ್ತದೆಯೇ ಎಂದು ಯೋಚಿಸಿದೆ. ಷರತ್ತೇ ಇಲ್ಲದಿದ್ದ ಮೇಲೆ ಆಗಲಾರದೆಂದು ಅಮ್ಮ ತೀರ್ಪು ಕೊಟ್ಟಿದ್ದಾಳೆ.

ನೀಲಿ ರಟ್ಟಿನ ಪುಸ್ತಕವನ್ನು ಹರಿದು ಹಾಕಿದೆನೆಂದು ಬರೆಯಬೇಕೆಂದಿದ್ದೆ, ಆದರೆ ಲೆಕ್ಕದ ಪುಸ್ತಕ ಹರಿಯುವುದಕ್ಕೆ ನನ್ನ ಕೈ ಬರುವುದಿಲ್ಲ. ಅದನ್ನು ಅಮ್ಮನಿಗೆ ಕೊಟ್ಟಿದ್ದೇನೆ, ಎಲ್ಲಿಟ್ಟಿದ್ದಾಳೆಂದು ಕೇಳಿಲ್ಲ. ಈ ಭಾನುವಾರ ಎಂದಿನ ಹೊತ್ತಿಗೆ ಫೋನ್ ಮಾಡುತ್ತೇನೆ. ಪುಟದ ಸಂಖ್ಯೆ ಕೇಳುವುದಿಲ್ಲ. ಬಿರುಕು ಎಲ್ಲಿ ಬಿಟ್ಟಿತು ಎಂಬುದನ್ನು ಹೇಳುವ ಮನಸ್ಸಾದರೆ ಹೇಳು, ಮೂರನೆಯ ವಾಕ್ಯಕ್ಕೆ ನನಗೆ ದಾರಿ ತಪ್ಪುತ್ತದೆ, ತಪ್ಪಿದರೂ ಕೇಳುತ್ತಿರುತ್ತೇನೆ. ನನ್ನ ಜೊತೆ ಮಾತು ಬೇಡವೆನ್ನಿಸಿದರೆ ಅಮ್ಮನ ಜೊತೆ ಮಾತಾಡು. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಸ್ಪೀಕರ್ ಹಾಕು ಎಂದು ಸನ್ನೆ ಮಾಡುವುದಿಲ್ಲ.

ನಿನ್ನ,
ಅಪ್ಪ